‘ತೆಗಿ’ ಅನ್ನುವ ಮಾತಿಗೆ ನಾನು ಬರೆದ ಅರ್ಥ

ಇದನ್ನು ಓದುತ್ತಿರುವ ಎಲ್ಲರಿಗೂ ನಮಸ್ಕಾರ. ನಾನು ಬರವಣಿಗೆಯವನಲ್ಲ. ಎರಡು ಬೆರಳಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತುವವನು. ಒತ್ತಕ್ಷರ, ದೀರ್ಘ ಎಲ್ಲಾದರೂ ತಪ್ಪಿದ್ದರೆ ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ. ಕಾಗುಣಿತದ ತಪ್ಪಿಗೆ ಕ್ಷಮೆ ಕೇಳುವುದು ನನಗೆ ಅಭ್ಯಾಸವಾಗಿದೆ. ಆದರೆ ಇವತ್ತು ಹೇಳಲು ಕೂತಿರುವುದು ಕಾಗುಣಿತ ಸರಿಯಾಗಿಯೇ ಇದ್ದ ಒಂದು ಸಾಲಿನ ವಿಷಯ. ನಾನು ಬರೆದ ಆ ಸಾಲಿನಿಂದ ಅರಕಲಗೂಡು ತಾಲ್ಲೂಕಿನ ಒಂದು ಊರಿನಲ್ಲಿ ಯಾರನ್ನು ಎಲ್ಲಿ ಮಣ್ಣು ಮಾಡಿದ್ದಾರೆ ಅನ್ನುವ ಪಟ್ಟಿ ಅಳಿಸಿಹೋಯಿತು. ಆ ಪಟ್ಟಿಗೆ ಇನ್ನೊಂದು ಪ್ರತಿ ಇರಲಿಲ್ಲ.

ನಾನು ಹೊಳೆನರಸೀಪುರದವನು. ಚಿಕ್ಕಂದಿನಲ್ಲಿ ಸ್ಕೂಲಿನ ಮುಖ ನೋಡಲಿಲ್ಲ. ಹಿರೀಸಾವೆಯಲ್ಲಿ ಹೈವೇ ಪಕ್ಕದ ಹೋಟೆಲಿನಲ್ಲಿ ಲೋಟ ತೊಳೆದೆ. ಆಮೇಲೆ ಹಾಸನದ ಒಂದು ಪ್ರೆಸ್ಸಿಗೆ ಕಸ ಗುಡಿಸಲು ಸೇರಿದೆ. ಅಕ್ಷರ ಕಲಿತದ್ದು ಅಲ್ಲೇ, ಅಚ್ಚಿನ ಮೊಳೆ ನೋಡಿ ನೋಡಿ. ಮೊಳೆಯ ಮೇಲೆ ಅಕ್ಷರ ತಿರುಗಿಕೊಂಡಿರುತ್ತದೆ. ಹಾಗಾಗಿ ಮೊದಮೊದಲು ಬಸ್ಸಿನ ಬೋರ್ಡೇ ನನಗೆ ಉಲ್ಟಾ ಬರೆದಂತೆ ಕಾಣುತ್ತಿತ್ತು. ಹತ್ತನೇ ಕ್ಲಾಸನ್ನು ಮನೆಯಲ್ಲೇ ಓದಿ, ಮೂವತ್ತಾರನೇ ವಯಸ್ಸಿಗೆ ಪಾಸು ಮಾಡಿಕೊಂಡೆ. ಪ್ರೆಸ್ಸು ಮುಚ್ಚಿದ ಮೇಲೆ ಹಾಸನದಲ್ಲೇ ಒಂದು ಸಣ್ಣ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಬೆಳಗಿನ ಪ್ಯಾಸೆಂಜರ್ ರೈಲಿಗೆ ಹೋಗಿ ಸಂಜೆ ವಾಪಸ್ ಬರುತ್ತೇನೆ.

ನಮ್ಮ ಆಫೀಸಿನದು ವೆಬ್‌ಸೈಟುಗಳಿಗೆ ಜಾಗ ಕೊಡುವ ಕೆಲಸ. ಶ್ರವಣಬೆಳಗೊಳದ ಲಾಡ್ಜು, ಚನ್ನರಾಯಪಟ್ಟಣದ ಕಲ್ಯಾಣ ಮಂಟಪ, ಟ್ಯೂಷನ್ ಮಾಡುವವರು, ಸಸಿ ಮಾರುವವರು, ಇಂಥವರೇ ಗಿರಾಕಿಗಳು. ವೆಬ್‌ಸೈಟಿನ ಹಿಂದೆ ಪಟ್ಟಿಗಳನ್ನು ತುಂಬಿಡುವ ಒಂದು ಪೆಟ್ಟಿಗೆ ಬೇಕಾಗುತ್ತದೆ. ಯಾವ ದಿನ ಯಾರ ಮದುವೆ, ಯಾವ ರೂಮು ಖಾಲಿ, ಇಂಥದ್ದೆಲ್ಲ ಅದರೊಳಗೆ ಇರುತ್ತದೆ. ಅದಕ್ಕೆ ಡೇಟಾಬೇಸ್ ಅನ್ನುತ್ತಾರೆ. ಗಿರಾಕಿ ಫೋನ್ ಮಾಡಿದರೆ ನಾನು ಕಂಪ್ಯೂಟರಿನಲ್ಲಿ ಆ ಪೆಟ್ಟಿಗೆಗೆ ಒಂದು ಹೆಸರು, ಬಳಸುವವರಿಗೆ ಒಂದು ಹೆಸರು, ಒಂದು ಪಾಸ್‌ವರ್ಡ್ ತುಂಬಿ ಮಾಡಿಕೊಡುತ್ತಿದ್ದೆ. ನಿಧಾನಕ್ಕೆ ಮಾಡುತ್ತಿದ್ದೆ, ಆದರೆ ತಪ್ಪು ಮಾಡುತ್ತಿರಲಿಲ್ಲ.

ಒಂದು ದಿನ ಅರಕಲಗೂಡಿನಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿದಳು. ಅಲ್ಲಿ ಅರ್ಜಿ ತುಂಬಿಕೊಡುವ ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಊರು ಮಲ್ಲಿಪಟ್ಟಣದ ಹತ್ತಿರ.

“ಸಾ, ನಮ್ಮಪ್ಪ ಗುಂಡಿ ತೋಡೋರು. ಊರಲ್ಲಿ ಯಾರ್‍ನ ಎಲ್ಲೆಲ್ಲಿ ಮಣ್ಣು ಮಾಡವ್ರೆ ಅಂತ ಅಪ್ಪಂಗೊಬ್ರಿಗೇ ಗೊತ್ತಿರಾದು. ವಯಸ್ಸಾಯ್ತು. ಅದ್ನ ಬರ್ದಿಡ್ಬೇಕು ಸಾ.”

“ಒಂದು ನೋಟ್‌ಬುಕ್ಕಲ್ಲಿ ಬರ್ದಿಟ್ಕಬಾರ್ದೇನಮ್ಮ? ವೆಬ್‌ಸೈಟ್ ಯಾಕೆ?” ಅಂದೆ.

“ಬುಕ್ಕು ನಮ್ಮನೇಲಿ ಇರ್ತದಲ್ಲ ಸಾ. ಕೇಳಕ್ ಬರೋರೆಲ್ಲ ನಮ್ಮನೆ ಒಳಿಕ್ ಬರಲ್ಲ. ಜಗುಲಿ ಕೆಳಗೇ ನಿಂತ್ಕಂಡು ಕೂಗ್ತಾರೆ. ಫೋನಲ್ಲಾದ್ರೆ ಅವ್ರವ್ರ ಮನೇಲೇ ನೋಡ್ಕತಾರೆ.”

ನಾನು ಮುಂದೆ ಕೇಳಲಿಲ್ಲ. ಆ ದಿನವೇ ‘ಪಟ್ಟಿ’ ಎಂಬ ಹೆಸರಿನಲ್ಲಿ ಮಾಡಿಕೊಟ್ಟೆ.

ಅವರ ಊರಿನಲ್ಲಿ ಸಮಾಧಿ ಕಟ್ಟಿಸುವ ಶಕ್ತಿ ಇರುವವರು ಕಡಿಮೆ. ಗುಡ್ಡೆ ಹಾಕಿದ ಮಣ್ಣು ಎರಡು ಮಳೆಗಾಲಕ್ಕೆ ನೆಲಸಮವಾಗುತ್ತದೆ, ಮೇಲೆ ಲಂಟಾನ ಬೆಳೆಯುತ್ತದೆ. ಹಾಲುತುಪ್ಪ ಬಿಡಲು, ವರ್ಷಕ್ಕೊಮ್ಮೆ ಎಡೆ ಇಡಲು ಬಂದವರು ಅವಳ ಅಪ್ಪನನ್ನೇ ಕೇಳಬೇಕಿತ್ತು. ಮೇಲಿನ ಕೇರಿಯದೂ ತಮ್ಮ ಕೇರಿಯದೂ ಗುಂಡಿ ತೋಡಿದ್ದು ಅವರೊಬ್ಬರೇ. ಭಾನುವಾರ ಭಾನುವಾರ ಅಪ್ಪ ಕೋಲು ಊರಿಕೊಂಡು ಮುಂದೆ, ಮಗಳು ಫೋನ್ ಹಿಡಿದುಕೊಂಡು ಹಿಂದೆ. ಅಪ್ಪ ನಿಂತಲ್ಲಿ ನಿಂತು ಹೇಳುವುದು, ಇವಳು ಅಲ್ಲೇ ಒತ್ತುವುದು. ಸರಿಯಾಗಿ ಸೇರುತ್ತಿದೆಯೇ ಎಂದು ನೋಡುವ ನೆಪದಲ್ಲಿ ನಾನು ಆಗಾಗ ಆ ಪಟ್ಟಿ ಓದುತ್ತಿದ್ದೆ. ‘ಕತ್ತಾಳೆ ಸಾಲಿನ ಮೂಲೆ. ಅಣ್ಣ ತಮ್ಮ ಇಬ್ಬರೂ ಒಂದೇ ಕಡೆ.’ ‘ಬಂಡೆ ಹಿಂದೆ ನಾಲ್ಕು ಹೆಜ್ಜೆ. ಹೆರಿಗೆಯಲ್ಲಿ ಹೋದವಳು. ಮಗು ಜೊತೆಯಲ್ಲೇ ಇದೆ.’ ಹೆಸರು, ಜಾಗ, ಒಂದೊಂದು ಮಾತು. ಒಂದೂವರೆ ವರ್ಷದಲ್ಲಿ ಮುನ್ನೂರು ದಾಟಿತ್ತು.

ಹೋದ ವರ್ಷ ನಮ್ಮ ಯಜಮಾನರು ನನ್ನ ಟೇಬಲ್ಲಿನ ಹತ್ತಿರ ಬಂದು ನಿಂತರು. ಚನ್ನರಾಯಪಟ್ಟಣದ ಕಡೆಯ ಹುಡುಗ, ನನಗಿಂತ ಇಪ್ಪತ್ತು ವರ್ಷ ಚಿಕ್ಕವರು.

“ಅಣ್ಣ, ಇನ್ಮೇಕೆ ನೀನು ಡೇಟಾಬೇಸ್ ಮಾಡ್ಕೊಡಾದು ಬ್ಯಾಡ. ಎಐ ಏಜೆಂಟ್ ಮಾಡ್ತದೆ. ಗಿರಾಕಿ ಫೋನಲ್ಲಿ ಕನ್ನಡದಲ್ಲೇ ಏಳ್ತಾರೆ, ಅದು ಕೇಳ್ಕಂಡು, ನೀನು ಹೆಸ್ರು ಪಾಸ್‌ವರ್ಡ್ ತುಂಬ್ತಿದ್ಯಲ್ಲ, ಆ ಟೂಲ್ನ ಓಡುಸ್ತದೆ.”

“ಅಂಗಾರೆ ನಾನು ಮನೆಗೋಗ್ಲಾ ಸಾ?”

“ಅಯ್ಯೋ, ಎಲ್ಲಿಗೋಯ್ತೀಯ. ಆ ಟೂಲು ಎಂಗೆ ಓಡುಸ್ಬೇಕು ಅಂತ ಅದಕ್ಕೆ ಬರ್ದು ಕೊಡೋರು ಬ್ಯಾಡ್ವಾ? ಇಂಗ್ಲಿಷಲ್ಲಿ ಮಾಡ್ದೋರು ಬರ್ದವ್ರೆ. ನಮ್ಮ ಕಡೆ ಜನ ಎಂಗೆ ಕೇಳ್ತಾರೆ ಅನ್ನಾದು ಅವ್ರಿಗೇನ್ ಗೊತ್ತು? ಇಷ್ಟು ವರ್ಷ ಫೋನ್ ಎತ್ತಿರೋನು ನೀನು. ಕನ್ನಡದಲ್ಲಿ ನೀನು ಬರಿ. ಓದಾದು ಮಿಷೀನು ಕಣಣ್ಣ, ಎಷ್ಟು ಉದ್ದ ಬರದ್ರೂ ಆಕಳಿಸಲ್ಲ.”

ಗಿರಾಕಿಗಳಿಗೆ ವಿಷಯ ತಿಳಿಸುವುದೂ ನನ್ನ ಪಾಲಿಗೇ ಬಂತು. ಕಲ್ಯಾಣ ಮಂಟಪದವರು ಫೋನಿನಲ್ಲೇ ನಕ್ಕರು. “ಏಜೆಂಟಾ? ತಾಲ್ಲೂಕಾಪೀಸ್ ಮುಂದೆ ಕುಂತಿರ್ತಾನಲ್ಲ, ಅಂಗಾ?”

“ಅಂಗೇ ಅನ್ಕಳಿ ಸಾ. ಇವ್ನು ಕಾಪಿ ಕುಡಿಯಕ್ಕೆ ಎದ್ದೋಗಲ್ಲ, ಅಷ್ಟೇಯ.”

ಬರೆಯಲು ಕೂತೆ. ದಿನಕ್ಕೆ ಒಂದು ಪುಟ ಆಗುತ್ತಿತ್ತು. ಹೆಸರು ಸಣ್ಣ ಅಕ್ಷರದಲ್ಲಿರಬೇಕು, ನಡುವೆ ಜಾಗ ಬಿಡಬಾರದು. ಪಾಸ್‌ವರ್ಡನ್ನು ಗಿರಾಕಿಗೆ ಬಿಟ್ಟು ಬೇರೆಯವರಿಗೆ ಹೇಳಬಾರದು. ಇವೆಲ್ಲ ಸಲೀಸಾಗಿ ಬಂದವು. ಕಷ್ಟವಾದದ್ದು ಜನರ ಮಾತು. ಒಬ್ಬರು ಮಾಡಿಕೊಡಿ ಅನ್ನುತ್ತಾರೆ, ಒಬ್ಬರು ಹಾಕಿಕೊಡಿ ಅನ್ನುತ್ತಾರೆ, ಬಹಳ ಜನ ‘ಒಂದು ಡೇಟಾಬೇಸ್ ತೆಗೀರಿ’ ಅನ್ನುತ್ತಾರೆ. ಆ ಮಾತಿನ ಹತ್ತಿರ ನಾನು ಎರಡು ದಿನ ನಿಂತೆ. ಹೊಸ ಅಂಗಡಿ ತೆಗೆದ ಅಂದರೆ ಶುರು ಮಾಡಿದ ಎಂದಾಗುತ್ತದೆ. ರೇಷನ್ ಕಾರ್ಡಿನಿಂದ ಹೆಸರು ತೆಗೆದರು ಅಂದರೆ ಇಲ್ಲದಂತೆ ಮಾಡಿದರು ಎಂದಾಗುತ್ತದೆ. ಒಂದೇ ಮಾತಿಗೆ ಎರಡು ಮುಖ. ಮಿಷೀನಿಗೆ ಇದು ಹೇಗೆ ಗೊತ್ತಾಗಬೇಕು? ಯೋಚಿಸಿ ಯೋಚಿಸಿ ಹೀಗೆ ಬರೆದೆ: ‘ಗಿರಾಕಿಯು ಇದುವರೆಗೆ ಇಲ್ಲದ ಹೆಸರು ಹೇಳಿ ತೆಗಿ ಎಂದರೆ ಆ ಹೆಸರಿನಲ್ಲಿ ಹೊಸದು ಮಾಡು. ಈಗಾಗಲೇ ಇರುವ ಹೆಸರು ಹೇಳಿ ತೆಗಿ ಎಂದರೆ ಅದನ್ನು ಅಳಿಸು. ಎರಡರಲ್ಲಿಯೂ ಮೊದಲು, ತೆಗೆಯಲೇ ಎಂದು ಒಮ್ಮೆ ಕೇಳು. ಹೂಂ ಎಂದರೆ ಮಾತ್ರ ಮುಂದುವರಿ.’

ಯಜಮಾನರು ಓದಿ, “ಅಣ್ಣ, ಇದು ನಂಗೂ ಒಳೀತಿರ್ಲಿಲ್ಲ ಕಣಣ್ಣ” ಅಂದರು. ನನಗೆ ಆ ದಿನ ರೈಲಿನಲ್ಲಿ ಕೂರಲಾಗಲಿಲ್ಲ, ಬಾಗಿಲ ಹತ್ತಿರ ನಿಂತೇ ಊರಿಗೆ ಬಂದೆ. ಹೆಂಡತಿಗೆ ಓದಿ ಹೇಳಿದೆ.

“ಇದ್ಯಾರಿಗೆ ಪಾಠ?” ಅಂದಳು.

“ಮಿಷೀನಿಗೆ.”

“ಮನೇಲಿರೋರ್ಗೆ ಒಂದಿನಾನಾದ್ರೂ ಇಷ್ಟು ಸಮಾಧಾನ್ವಾಗಿ ಏಳಿದ್ದೀರಾ?” ಅಂದು ಅವಳು ಒಳಗೆ ಹೋದಳು. ಹೋಗುವಾಗ ನಗುತ್ತಿದ್ದಳು.

ಐದಾರು ತಿಂಗಳು ಎಲ್ಲ ಸರಿಯಾಗಿತ್ತು. ಒಂದು ಬೆಳಗ್ಗೆ ಅವಳ ಫೋನ್ ಬಂತು.

“ಸಾ, ನಾನು, ಸ್ಮಶಾನದ ಪಟ್ಟಿಯೋಳು.”

“ಏಳಮ್ಮ, ಅಪ್ಪ ಚೆನ್ನಾಗವ್ರಾ?”

“ಅಪ್ಪ ತೀರ್ಕಂಡ್ರು ಸಾ. ನೆನ್ನೆ ತಿಥಿ ಆಯ್ತು.”

ಅವಳೇ ಮುಂದುವರಿಸಿದಳು. “ಪಟ್ಟಿ ಖಾಲಿ ಐತೆ ಸಾ. ಆಲುತುಪ್ಪದ ದಿನ ಅಪ್ಪಂದು ಬರ್‍ಯನಾ ಅಂತ ಫೋನ್ ಎತ್ಕಂಡೆ. ದಿನಾ ಬೆರಳಲ್ಲಿ ಒತ್ತೋಳು, ಅವತ್ತು ಬಾಯಲ್ಲೇ ಪಟ್ಟಿ ತೆಗಿ ಅಂದೆ. ತೆಗೆಯಲೇ ಅಂತು. ಊಂ ಅಂದೆ. ಬಿಳೀ ಪುಟ ಬಂತು. ನೆಟ್‌ವರ್ಕ್ ಇಲ್ವೇನೋ ಅನ್ಕಂಡೆ. ಮನೆ ತುಂಬ ನೆಂಟ್ರು, ಆಮೇಕೆ ನೋಡ್ಲೇ ಇಲ್ಲ. ಈಗ ನೋಡಿದ್ರೂ ಬಿಳೀಗೇ ಐತೆ. ಒಸಿ ಸರಿ ಮಾಡ್ಕೊಡಿ ಸಾ.”

ಏಜೆಂಟ್ ಮಾಡಿದ ಕೆಲಸವೆಲ್ಲ ಕಂಪ್ಯೂಟರಿನಲ್ಲಿ ದಾಖಲಾಗಿರುತ್ತದೆ. ತೆರೆದು ನೋಡಿದೆ. ಗಿರಾಕಿ ‘ಪಟ್ಟಿ’ ಎಂದು ಈಗಾಗಲೇ ಇರುವ ಹೆಸರು ಹೇಳಿ ತೆಗಿ ಎಂದರು. ತೆಗೆಯಲೇ ಎಂದು ಕೇಳಲಾಯಿತು. ಹೂಂ ಎಂದರು. ಅಳಿಸಲಾಯಿತು. ಅದರ ಕೆಳಗೆ, ಯಾವ ನಿಯಮದಂತೆ ಎಂಬ ಕಡೆ, ನಾನು ಬರೆದ ಸಾಲು ಪೂರ್ತಿ ಇತ್ತು. ಒಂದು ಅಕ್ಷರವೂ ಬದಲಾಗಿರಲಿಲ್ಲ. ಅದು ನನ್ನ ಮಾತನ್ನು ಚಾಚೂ ತಪ್ಪದೆ ನಡೆಸಿತ್ತು. ಇಷ್ಟು ನಂಬಿಕೆಯಿಂದ ನನ್ನ ಬರಹವನ್ನು ಅದುವರೆಗೆ ಯಾರೂ ಓದಿರಲಿಲ್ಲ.

ನಮ್ಮಲ್ಲಿ ಅಳಿಸಿದ್ದರ ನಕಲು ಏಳು ದಿನ ಇರುತ್ತದೆ. ಹಾಲುತುಪ್ಪ ಮೂರನೇ ದಿನ, ತಿಥಿ ಹನ್ನೊಂದನೇ ದಿನ, ಅವಳು ಫೋನ್ ಮಾಡಿದ್ದು ಹನ್ನೆರಡನೇ ದಿನ. ನಕಲು ಹೋಗಿ ಎರಡು ದಿನವಾಗಿತ್ತು. ಆದರೂ ಯಜಮಾನರು ಮಧ್ಯಾಹ್ನದವರೆಗೆ ಹುಡುಕಿದರು, ಸರ್ವರ್ ಕಡೆಯವರನ್ನು ಕೇಳಿದರು. ಸಿಗಲಿಲ್ಲ.

“ಅವ್ರೇ ಊಂ ಅಂದವ್ರೆ ಕಣಣ್ಣ. ದಾಖಲೆ ಐತೆ. ನಮ್ದೇನೂ ತಪ್ಪಿಲ್ಲ” ಅಂದರು.

“ಏನಂತ ಕೇಳಿದ್ದಕ್ಕೆ ಊಂ ಅಂದ್ರು, ಅದ್ನೂ ಓದಿ ಸಾ.”

ಅವರು ಓದಿದರು. ಇನ್ನೊಂದು ಸಲ ಓದಿದರು. ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. “ಫೋನಲ್ಲಿ ಏಳ್ಬ್ಯಾಡ. ನಾಳೆ ಓಗಿ ಬಾ” ಅಂದರು.

ಮಾರನೆಯ ದಿನ ಹಾಸನದಿಂದ ಅರಕಲಗೂಡಿಗೆ, ಅಲ್ಲಿಂದ ಮಲ್ಲಿಪಟ್ಟಣದ ಬಸ್ಸಿಗೆ ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಬರೆದುಕೊಂಡು ಹೋದೆ. ಬಸ್ ಸ್ಟಾಪಿಗೆ ಅವಳೇ ಬಂದಿದ್ದಳು. ಮೂವತ್ತರ ಆಸುಪಾಸು, ಕೈಯಲ್ಲಿ ಫೋನು. ಮನೆ ಸಣ್ಣದು. ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕ ಅಪ್ಪನ ಫೋಟೋ. ಆಧಾರ್ ಕಾರ್ಡಿನ ಫೋಟೋವನ್ನೇ ದೊಡ್ಡದು ಮಾಡಿಸಿದ್ದರು, ಮುಖ ಮಸುಕಾಗಿತ್ತು. ನಾನು ಒಳಗೆ ಹೋಗಿ ಚಾಪೆಯ ಮೇಲೆ ಕೂತೆ. ಅವಳು ಕಾಫಿ ತಂದುಕೊಟ್ಟಳು. ಕುಡಿದೆ. ಆಮೇಲೆ ಇದ್ದದ್ದು ಇದ್ದಂತೆ ಹೇಳಿದೆ: ಪಟ್ಟಿ ಹೋಗಿದೆ, ವಾಪಸ್ ಬರುವುದಿಲ್ಲ, ಹೂಂ ಅಂದ ನಿನ್ನದಲ್ಲ, ಹಾಗೆ ಬರೆದ ನನ್ನ ತಪ್ಪು.

ಅವಳು ನನಗೆ ಬಿಡಿಸಿ ಹೇಳುವವಳ ಹಾಗೆ ಮೆಲ್ಲಗೆ ಅಂದಳು: “ನಾನು ಅಂದಿದ್ದು ಅಂಗಲ್ಲ ಸಾ. ಸ್ಕೂಲಲ್ಲಿ ಮೇಷ್ಟ್ರು ಪುಸ್ತಕ ತೆಗೀರಿ ಅಂತಾರಲ್ಲ, ಅಂಗೆ.”

ಪುಸ್ತಕ ತೆಗೀರಿ. ಒಂದನೇ ಕ್ಲಾಸಿನ ಮಕ್ಕಳು ದಿನಾ ಬೆಳಗ್ಗೆ ಕೇಳುವ ಮಾತು. ಎರಡು ದಿನ ಒಂದು ಪದದ ಮುಂದೆ ಕೂತು, ಎರಡೇ ಅರ್ಥ ಇದೆ ಎಂದು ಬರೆದು, ಹೆಮ್ಮೆಪಟ್ಟುಕೊಂಡು ಮನೆಗೆ ಹೋಗಿದ್ದೆ. ಈ ಮೂರನೆಯದು ನನಗೆ ಹೊಳೆಯಲೇ ಇಲ್ಲ. ಆ ವಯಸ್ಸಿನಲ್ಲಿ ಯಾರೂ ನನಗೆ ಪುಸ್ತಕ ತೆಗಿ ಎಂದು ಹೇಳಿರಲಿಲ್ಲ. ಇದನ್ನು ನೆಪ ಎಂದು ಹೇಳುತ್ತಿಲ್ಲ. ಮನೆಯಲ್ಲಿ ದಿನಕ್ಕೆ ಹತ್ತು ಸಲ ಬಾಗಿಲು ತೆಗಿ ಅನ್ನುತ್ತೇನೆ, ಅದಾದರೂ ನೆನಪಾಗಬೇಕಿತ್ತು.

“ನಡೀರಿ ಸಾ, ಒಂದ್ಸಲ ನೋಡ್ಕಂಡ್ ಬರನ” ಅಂದಳು. ಸ್ಮಶಾನ ಊರಿಂದ ಆಚೆ, ಒಂದು ಹುಣಸೆಮರ, ಕತ್ತಾಳೆ ಬೇಲಿ, ಉಳಿದದ್ದೆಲ್ಲ ಪೊದೆ. ಅಪ್ಪನ ಗುಡ್ಡೆಯ ಮಣ್ಣು ಇನ್ನೂ ಕೆಂಪಗಿತ್ತು. ಅದು, ಅಜ್ಜಿ ತಾತನದು, ತಮ್ಮ ಕೇರಿಯ ಕೆಲವರದು, ಇತ್ತೀಚಿನ ಎರಡು ಮೂರು ವರ್ಷದವು ಅವಳಿಗೆ ಗೊತ್ತಿದ್ದವು. ಉಳಿದದ್ದಕ್ಕೆ ಹತ್ತು ಹೆಜ್ಜೆ ಹೋಗಿ ನಿಲ್ಲುವಳು, ಮತ್ತೆ ವಾಪಸ್ ಬರುವಳು. “ಅಪ್ಪ ಏಳ್ತಿದ್ರು, ನಾನು ತಲೆ ಬಗ್ಸ್ಕಂಡು ಒತ್ತಾದೇ ಆಯ್ತು ಸಾ. ಕಣ್ಬುಟ್ಟು ಜಾಗ ನೋಡ್ಲೇ ಇಲ್ಲ” ಅಂದಳು. ಅಷ್ಟು ಹೊತ್ತು ತಡೆದುಕೊಂಡಿದ್ದವಳು ಆಗ ಅತ್ತಳು.

ಅಷ್ಟರಲ್ಲಿ ಮೇಲಿನ ಕೇರಿಯ ಒಬ್ಬ ಹೆಂಗಸು ಸಣ್ಣ ಚೊಂಬಿನಲ್ಲಿ ಹಾಲು ಹಿಡಿದುಕೊಂಡು ಬಂದರು. ಐವತ್ತು ದಾಟಿದವರು. ಅವರ ಮಗು ಮೂರು ವರ್ಷದ್ದಾಗಿದ್ದಾಗ ಹೋಗಿ ಬಹಳ ಕಾಲವಾಗಿತ್ತಂತೆ. ಮಗು ತೀರಿಕೊಂಡ ತಿಂಗಳಿನಲ್ಲಿ ವರ್ಷಕ್ಕೊಮ್ಮೆ ಬರುವವರು.

“ನಿಮ್ಮಪ್ಪ ಇದ್ದಿದ್ರೆ ಕೋಲಲ್ಲಿ ತೋರ್ಸ್ಬುಡನು. ಎಲ್ಲವ್ವ ನನ್ನ ಕೂಸು?” ಅಂದರು.

“ಗೊತ್ತಿಲ್ಲ ಕಣಕ್ಕ.”

“ಗೊತ್ತಿಲ್ವಾ? ಇನ್ಮೇಕೆ ಯಾರ್‍ನೂ ಕೇಳಂಗಿಲ್ಲ, ಫೋನಲ್ಲೈತೆ ಫೋನಲ್ಲೈತೆ ಅಂತಿದ್ದೆ. ತೆಗ್ದು ನೋಡಮ್ಮಿ!”

ಅವಳು ನನ್ನ ಕಡೆ ನೋಡಲಿಲ್ಲ. “ಓಯ್ತು ಕಣಕ್ಕ, ಪಟ್ಟಿ” ಅಂದಳು, ಅಷ್ಟೇ. ಯಾರಿಂದ ಹೋಯಿತು ಎಂದು ಹೇಳಲಿಲ್ಲ.

ನಾನೇ ಹೇಳಿದೆ. “ನನ್ನಿಂದ ಆಗಿದ್ದು ತಾಯಿ. ಆ ಪಟ್ಟಿ ಕಾಯೋ ಆಫೀಸ್ನೋನು ನಾನು.”

ಅವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. “ಓದಿರೋರು ತಾನೆ ನೀವು?” ಅಂದರು.

ಆಗ ನನ್ನ ತಲೆಯಲ್ಲಿ ಒಂದು ಸಾಲು ಎದ್ದು ಬಂತು. ಪಟ್ಟಿಯಲ್ಲಿ ಓದಿದ್ದೇ: ‘ಹುಣಸೆಮರದಿಂದ ಬೇಲಿ ಕಡೆಗೆ ಹದಿನಾರು ಹೆಜ್ಜೆ. ಮಗು.’ ಜಾಗ ಚೆನ್ನಾಗಿ ನೆನಪಿತ್ತು. ಹೆಸರು ನೆನಪಿರಲಿಲ್ಲ. ಆ ಊರಿನಲ್ಲಿ ಮಣ್ಣಾದ ಮಕ್ಕಳು ಎಷ್ಟಿದ್ದವೋ. ಹೇಳಿಬಿಟ್ಟರೆ ಆ ತಾಯಿ ಹದಿನಾರು ಹೆಜ್ಜೆ ಎಣಿಸಿ, ಹಾಲು ಬಿಟ್ಟು, ಸಮಾಧಾನವಾಗಿ ಮನೆಗೆ ಹೋಗುತ್ತಿದ್ದರು. ಬಾಯಿಯವರೆಗೂ ಬಂತು. ಪೂರ್ತಿ ಗೊತ್ತಿಲ್ಲದ್ದನ್ನು ಗೊತ್ತಿರುವವನಂತೆ ಒಂದು ಸಲ ಹೇಳಿದ್ದು ಸಾಕಾಗಿತ್ತು. ಸುಮ್ಮನಾದೆ. ಅದು ಸರಿಯೋ ತಪ್ಪೋ, ಈಗಲೂ ಗೊತ್ತಿಲ್ಲ.

“ಬೇಲಿ ಪಕ್ಕ ಸಣ್ಣ ಮಕ್ಕಳ ಕಡೆ ಅಂತ ಅಪ್ಪ ಅಂತಿದ್ದಂಗೆ ಗ್ಯಾಪಕ ಕಣಕ್ಕ” ಅಂದಳು ಅವಳು. “ಯಾವ ಜಾಗ ಅಂತ ಏಳಕ್ಕಾಗಲ್ಲ.”

ಆ ಹೆಂಗಸು ಬೇಲಿಯ ಒಂದು ತುದಿಯಿಂದ ಶುರು ಮಾಡಿ, ಬಗ್ಗಿಕೊಂಡು, ಒಂದೊಂದೇ ಹನಿ ಹಾಲು ಬಿಡುತ್ತಾ ನಡೆದರು. ಲಂಟಾನದ ಮುಳ್ಳಿಗೆ ಸೀರೆ ಸಿಕ್ಕಿದಾಗ ಅವಳು ಹೋಗಿ ಬಿಡಿಸಿದಳು. ಹಾಲು ಬೇಲಿಯ ಕೊನೆಯವರೆಗೆ ಸಾಲಲಿಲ್ಲ. ಉಳಿದ ಜಾಗವನ್ನು ನೋಡಿಕೊಂಡು ನಿಂತಿದ್ದು, ಖಾಲಿ ಚೊಂಬು ಸೆರಗಿನಲ್ಲಿ ಒರೆಸಿಕೊಂಡು, ಹೊರಟುಹೋದರು.

ನಾವು ಹುಣಸೆಮರದ ಕೆಳಗೆ ಕೂತು ಅವಳಿಗೆ ಗೊತ್ತಿರುವಷ್ಟನ್ನು ಮತ್ತೆ ಬರೆದೆವು. ಅವಳು ಒತ್ತಲು ಒಪ್ಪಲಿಲ್ಲ. “ನೀವ್ ಒತ್ತಿ ಸಾ, ಈ ಸಲ ನಾನು ಜಾಗ ನೋಡ್ತೀನಿ” ಅಂದಳು. ಅವಳು ಎದ್ದು ಹೋಗಿ ಒಂದೊಂದು ಕಡೆ ನಿಂತು ಕೂಗಿ ಹೇಳುವುದು, ನಾನು ಎರಡು ಬೆರಳಲ್ಲಿ ಒತ್ತುವುದು. ಬಿಸಿಲು ಇಳಿಯುವ ಹೊತ್ತಿಗೆ ಇಪ್ಪತ್ತೆರಡು ಹೆಸರಾಯಿತು. ಮೊದಲನೆಯದು ಅಪ್ಪನದು. ಇಪ್ಪತ್ತೆರಡಕ್ಕೆ ಅವಳು ನಿಲ್ಲಿಸಿದಳು. ಬಸ್ಸಿನ ಹೊತ್ತಾಗಿತ್ತು.

ಆಮೇಲೆ, ಏಜೆಂಟಿಗೆ ಬರೆದುಕೊಟ್ಟ ಕೈಪಿಡಿಯ ಆ ಪುಟವನ್ನು ಹರಿದು ಹಾಕಿದ ಹಾಗೆ ಪೂರ್ತಿ ಹೊಸದಾಗಿ ಬರೆದೆ. ಅಳಿಸುವುದಕ್ಕೆ ‘ಅಳಿಸು’ ಎಂದು ಗಿರಾಕಿಯೇ ಬಾಯಿಬಿಟ್ಟು ಹೇಳಬೇಕು ಎಂದು ಬರೆದಿದ್ದೇನೆ. ಹೊರಗೆ ಕಳಿಸುವ ಮೊದಲು ಈಗ ಮೂರು ಜನರ ಹತ್ತಿರ ಓದಿಸುತ್ತೇನೆ, ಅವರಲ್ಲಿ ಅವಳೂ ಒಬ್ಬಳು. ಅಮಾವಾಸ್ಯೆಗೊಮ್ಮೆ ಫೋನ್ ಮಾಡಿ ಯಾರಾದರೂ ಹಿರಿಯರು ಏನಾದರೂ ನೆನಪಿಸಿಕೊಂಡರೇ ಎಂದು ಕೇಳುತ್ತೇನೆ. ಕೆಲವು ಸಲ ಒಂದೆರಡು ಹೆಸರು ಸೇರುತ್ತದೆ. ಹೋದ ತಿಂಗಳು ಒಂದೇ ಜಾಗಕ್ಕೆ ಇಬ್ಬರು ಬಂದು, ನಮ್ಮವ್ವ ಇಲ್ಲಿರೋದು, ಅಲ್ಲ ನಮ್ಮಣ್ಣ ಇಲ್ಲಿರೋದು ಎಂದು ಜಗಳ ಮಾಡಿದರಂತೆ. ಎರಡನ್ನೂ ಬರಕೊಳ್ಳಿ ಸಾ ಅಂದಳು. ಬರೆದುಕೊಂಡೆ.

ಓದಿದ ನಿಮಗೆ ಒಂದು ಮಾತು ಕೇಳುತ್ತೇನೆ. ನಿಮ್ಮ ಕೈಯಿಂದಲೂ ಹೀಗೆ ಇನ್ನೊಬ್ಬರದು, ತಿರುಗಿ ತಂದುಕೊಡಲಾಗದಂಥದ್ದು, ಕಳೆದುಹೋಗಿದ್ದರೆ ಅವರ ಮುಂದೆ ಹೋಗಿ ನಿಂತು ನೀವು ಏನು ಹೇಳಿದಿರಿ, ಅವರು ಏನು ಅಂದರು? ನಾಲ್ಕು ಸಾಲಾದರೂ ಬರೆದು ತಿಳಿಸಿ. ತಪ್ಪಿದ್ದರೂ ಪರವಾಗಿಲ್ಲ, ನಾನು ನಿಧಾನಕ್ಕೆ ಓದಿಕೊಳ್ಳುತ್ತೇನೆ.